ಕೈ ರೆಕಾರ್ಡರಿನಿಂದ ಹೊರಗಿನ ಮೈಕಿಗೆ ವಿದ್ಯುತ್ ಒದಗಿಸುವ ಕ್ರಮ

ತಾಳಮದ್ದಳೆಯನ್ನೋ ಸಂಗೀತ ಕಛೇರಿಯನ್ನೋ ಧ್ವನಿಮುದ್ರಿಸಲು ಝೂಮ್ ಎಚ್5 ಬಗೆಯ ಕೈ ರೆಕಾರ್ಡರಿಗೆ ಹೊರಗಿನ ಮೈಕ್ ಜೋಡಿಸುವವರು, ಆ ಮೈಕಿಗೆ ವಿದ್ಯುತ್ ಬೇಕೇ, ಬೇಕಿದ್ದರೆ ಯಾವ ಬಗೆಯದು ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಶೂರ್ ಎಸ್‌ಎಂ58ರಂತಹ ಡೈನಮಿಕ್ ಮೈಕಿಗೆ (ಸುರುಳಿ, ಅಯಸ್ಕಾಂತಗಳಿಂದ ತಾನೇ ಸಂಕೇತ ಹುಟ್ಟಿಸುವಂಥದು) ವಿದ್ಯುತ್ತೇ ಬೇಡ. ಕಾಲರ್ ಮೈಕಿನ ಎಲೆಕ್ಟ್ರೆಟ್ ಕ್ಯಾಪ್ಸೂಲಿಗೆ (ಸದ್ದು ಹಿಡಿಯುವ ಪುಟ್ಟ ಭಾಗಕ್ಕೆ) ಸುಮಾರು 2.5 ವೋಲ್ಟ್ ಸಾಕು. ಪ್ಲಗ್-ಇನ್ ಪವರ್ ಎಂಬ ಈ ಸೌಲಭ್ಯ 3.5 ಮಿ.ಮೀ. ಜ್ಯಾಕಿನಲ್ಲಿ ದೊರೆಯುತ್ತದೆ, ಆದರೆ ಮೆನುವಿನಲ್ಲಿ ಅದನ್ನು ಆನ್ ಮಾಡಿರಬೇಕು. ಸ್ಟುಡಿಯೊ ದರ್ಜೆಯ ಕಂಡೆನ್ಸರ್ ಮೈಕಿಗೆ ಬೇಕಾದದ್ದು 48 ವೋಲ್ಟಿನ ಫ್ಯಾಂಟಮ್ ಪವರ್, ಅಂದರೆ ಸದ್ದು ಸಾಗುವ ತಂತಿಗಳಲ್ಲೇ ರೆಕಾರ್ಡರಿನಿಂದ ಮೈಕಿಗೆ ಹೋಗುವ ವಿದ್ಯುತ್. ಅದು ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲಿನ ಮೂಲಕವೇ ಹೋಗಬೇಕು. (1966ರಲ್ಲಿ ನಾರ್ವೆಯ ಬಾನುಲಿಗಾಗಿ ನಾಯ್ಮನ್ ಕಂಪನಿ ಈ ವ್ಯವಸ್ಥೆ ರೂಪಿಸಿದಾಗ, ಅಲ್ಲಿನ ಸ್ಟುಡಿಯೊಗಳಲ್ಲಿ ತುರ್ತು ದೀಪಗಳಿಗೆಂದು 48 ವೋಲ್ಟ್ ಮೊದಲೇ ಇತ್ತು, ಅದೇ ಸಂಖ್ಯೆ ಇಂದಿಗೂ ಉಳಿದಿದೆ.)

ಎಕ್ಸ್‌ಎಲ್‌ಆರ್‌ನಿಂದ 3.5 ಮಿ.ಮೀ.ಗೆ ಬದಲಿಸುವ ಅಗ್ಗದ ಕೇಬಲ್ ಕೊಂಡು, ಚಿಕ್ಕ ಜ್ಯಾಕಿನಿಂದ ಕಂಡೆನ್ಸರ್ ಮೈಕ್ ನಡೆಸಲು ಹೊರಟರೆ ಸದ್ದೇ ಬರುವುದಿಲ್ಲ. ಇದರ ತಿರುವುಮುರುವು ಇನ್ನೂ ಅಪಾಯಕಾರಿ: ಕಾಲರ್ ಮೈಕನ್ನು ನೇರವಾಗಿ 48 ವೋಲ್ಟಿಗೆ ಒಡ್ಡಿದರೆ ಅದು ಸುಟ್ಟುಹೋಗಬಹುದಾದ್ದರಿಂದ, ಫ್ಯಾಂಟಮ್ ಪವರನ್ನು ಪ್ಲಗ್-ಇನ್ ಪವರ್ ಮಟ್ಟಕ್ಕೆ ಇಳಿಸುವ ಪರಿವರ್ತಕವನ್ನೇ ಬಳಸಬೇಕು. ಮೊಬೈಲಿಗೆಂದು ಮಾಡಿದ ಕಾಲರ್ ಮೈಕಿನ ಪ್ಲಗ್ಗಿನಲ್ಲಿ ಮೂರು ಕಪ್ಪು ಗೆರೆಗಳಿದ್ದರೆ, ರೆಕಾರ್ಡರಿಗೆ ಹೊಂದಿಸಲು ಬೇರೆ ಅಡಾಪ್ಟರ್ ಬೇಕಾಗುತ್ತದೆ.

ಫ್ಯಾಂಟಮ್ ಬಳಸುವಾಗ ಗೇನ್ (ಮೈಕಿನ ಸದ್ದನ್ನು ಹಿಗ್ಗಿಸುವ ಮಟ್ಟ) ಪೂರ್ತಿ ಇಳಿಸಿ, ಕೇಬಲನ್ನು ಎರಡೂ ತುದಿಗಳಲ್ಲಿ ಜೋಡಿಸಿ, ಆಮೇಲೆ ಮೆನುವಿನಲ್ಲಿ ಫ್ಯಾಂಟಮ್ ಆನ್ ಮಾಡಿ, ಕೆಲವು ಸೆಕೆಂಡು ತಡೆದು ಗೇನ್ ಏರಿಸಬೇಕು. ಬಿಚ್ಚುವಾಗ ಮೊದಲು ಫ್ಯಾಂಟಮ್ ಆರಿಸಬೇಕು. ಹಳೆಯ ರಿಬ್ಬನ್ ಮೈಕ್ (ತೆಳು ಲೋಹದ ಪಟ್ಟಿಯಿಂದ ಸದ್ದು ಹಿಡಿಯುವಂಥದು) ಇದ್ದವರಂತೂ ಈ ಸೌಲಭ್ಯದ ಗೊಡವೆಗೇ ಹೋಗದಿರುವುದು ಲೇಸು.

ನಿಜವಾದ ತಾಪತ್ರಯ ಸೆಲ್ಲುಗಳದು. ಒಂದು ಮೈಕ್ 5 ಮಿಲಿಆಂಪಿಯರ್ ಎಳೆಯುತ್ತದೆ ಎಂದುಕೊಂಡರೆ ಎರಡು ಮೈಕುಗಳಿಗೆ 0.48 ವ್ಯಾಟ್ ಆಗುತ್ತದೆ. ಎರಡು ಚಾರ್ಜಬಲ್ ಸೆಲ್ಲುಗಳ 2.4 ವೋಲ್ಟನ್ನು 48ಕ್ಕೆ ಏರಿಸುವಾಗಿನ ನಷ್ಟವನ್ನೂ ಸೇರಿಸಿದರೆ, ಮೈಕುಗಳಿಗಾಗಿಯೇ ಸೆಲ್ಲುಗಳಿಂದ 200 ಮಿಲಿಆಂಪಿಯರಿಗೂ ಮಿಕ್ಕಿ ಹರಿಯುತ್ತದೆ. ಆದಕಾರಣ ಸಾಮಾನ್ಯ ಸೆಲ್ ನಂಬಿ ಇಡೀ ರಾತ್ರಿಯ ಕಾರ್ಯಕ್ರಮಕ್ಕೆ ಹೋಗುವುದು ತರವಲ್ಲ. ಕೆಲವು ಮೈಕುಗಳು 9ರಿಂದ 52 ವೋಲ್ಟಿನವರೆಗೆ ಯಾವುದರಲ್ಲಾದರೂ ನಡೆಯುತ್ತವೆ. ಅಂಥವಕ್ಕೆ ಎಚ್5ರಲ್ಲಿ 24 ವೋಲ್ಟ್ ಆರಿಸಿಕೊಂಡು ಸೆಲ್ ಉಳಿಸಬಹುದು. 48 ವೋಲ್ಟೇ ಬೇಕೆನ್ನುವ ಮೈಕಿನ ವಿಷಯದಲ್ಲಿ ಈ ಜಿಪುಣತನ ಸಲ್ಲದು. ಹಾಕಿದ ಸೆಲ್ಲಿನ ಬಗೆಯನ್ನು ಮೆನುವಿನಲ್ಲಿ ಸರಿಯಾಗಿ ನಮೂದಿಸದಿದ್ದರೆ ಪರದೆಯ ಬ್ಯಾಟರಿ ಗುರುತು ನಂಬಿಕೆಗೆ ಅರ್ಹವಾಗಿರುವುದಿಲ್ಲ.

ದೀರ್ಘ ಮುದ್ರಣಕ್ಕೆ ಯುಎಸ್‌ಬಿ ಮೂಲಕ ಪವರ್ ಬ್ಯಾಂಕ್ ಜೋಡಿಸುವುದು ಒಳ್ಳೆಯ ದಾರಿ. ಕರೆಂಟಿನ ಅಡಾಪ್ಟರಿನಿಂದ ಗುಂಯ್ ಎನ್ನುವ ಸದ್ದು ಸೇರುವ ಸಂಭವವಿದೆ. ಅದನ್ನು ಕಳಚಿ ಸೆಲ್ಲಿನಲ್ಲಿ ನಡೆಸಿದಾಗ ಸದ್ದು ನಿಂತರೆ ದೋಷ ಮೈಕಿನದಲ್ಲ. ಕೆಲವು ಪವರ್ ಬ್ಯಾಂಕುಗಳು ಎಳೆತ ಕಡಿಮೆಯಾದರೆ ತಾವಾಗಿ ಆರಿಹೋಗುವುದರಿಂದ, ಮೈಕುಗಳನ್ನೂ ಜೋಡಿಸಿ ಮನೆಯಲ್ಲೇ ಒಂದೆರಡು ಗಂಟೆ ಓಡಿಸಿ ನೋಡಿಕೊಳ್ಳಬೇಕು.