ಚುಕ್ಕೆಯಾಗಿದ್ದಾಗ ಹಾರಿದ ರಾಕೆಟ್ಟು

ಇಸ್ರೋದ ಉಡಾವಣಾ ವಾಹನಗಳನ್ನು ಒಂದೊಂದಾಗಿ ಕಂಪ್ಯೂಟರಿನಲ್ಲಿ ಹಾರಿಸಿ ನೋಡೋಣ ಅಂತ ಒಂದು ಪ್ರೋಗ್ರಾಂ ಬರೆಯಲು ಕೂತೆ. ನನ್ನ ಉದ್ಯೋಗಕ್ಕೂ ಇದಕ್ಕೂ ಸಂಬಂಧವಿಲ್ಲ, ರಾತ್ರಿ ಹೊತ್ತಿನ ಹುಚ್ಚು ಅಷ್ಟೇ.

ಎಸ್‌ಎಲ್‌ವಿ-3 ಬೇಗ ಒಲಿಯಿತು. 17 ಟನ್ ತೂಕ, 22 ಮೀಟರ್ ಎತ್ತರ, ನಾಲ್ಕೂ ಹಂತ ಘನ ಇಂಧನದವು. ಒಂದು ಉರಿದು ಮುಗಿದರೆ ಕಳಚಿಕೊಳ್ಳುತ್ತದೆ, ಮುಂದಿನದು ಹೊತ್ತಿಕೊಳ್ಳುತ್ತದೆ. 1980ರ ಜುಲೈ 18ರಂದು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದ್ದು ಇದೇ ರಾಕೆಟ್ಟು.

ಎಎಸ್‌ಎಲ್‌ವಿಗೆ ಬಂದಾಗ ಸಿಕ್ಕಿಬಿದ್ದೆ. ಎಸ್‌ಎಲ್‌ವಿ-3 ಹೊರುತ್ತಿದ್ದದ್ದು ಸುಮಾರು 40 ಕಿಲೋ. ಇದು 150 ಕಿಲೋ ಹೊರಬೇಕಿತ್ತು. ಅದಕ್ಕೆ ಹಳೆಯ ಮೊದಲ ಹಂತದಂಥ ಎರಡು ಮೋಟಾರುಗಳನ್ನು ನಡುವಿನ ಮೋಟಾರಿನ ಅಕ್ಕಪಕ್ಕ ಕಟ್ಟಿದ್ದರು. ನಾನೂ ಕೋಡನ್ನು ಎರಡು ಸಲ ಕಾಪಿ ಮಾಡಿ ಅಂಟಿಸಿದೆ, ಸೊಗಸಾಗಿ ಹಾರಿತು. ಹಾರದೇ ಏನು? ರಾಕೆಟ್ಟನ್ನು ಬರೀ ಚುಕ್ಕೆ ಅಂತ ಇಟ್ಟುಕೊಂಡಿದ್ದೆ. ಚುಕ್ಕೆಗೆ ತನ್ನ ಮೂತಿ ಯಾವ ಕಡೆಗಿದೆ ಎಂಬ ಚಿಂತೆಯಿಲ್ಲ.

ಅದಕ್ಕೆ ಉದ್ದ, ಗುರುತ್ವ ಕೇಂದ್ರ, ಗಾಳಿಯ ಹೊಡೆತ ಎಲ್ಲ ಕೊಟ್ಟೆ. ಪ್ರತಿ ಸಲವೂ ಒಂದೇ ಜಾಗದಲ್ಲಿ ಪಲ್ಟಿ. ಎಎಸ್‌ಎಲ್‌ವಿಯಲ್ಲಿ ನೆಲದಿಂದ ಎತ್ತುವುದು ಪಕ್ಕದ ಮೋಟಾರುಗಳು ಮಾತ್ರ. ನಡುವಿನದು ಹೊತ್ತುವುದು ಆಕಾಶದಲ್ಲಿ. ಪಕ್ಕದವು ಆರುವ ಹೊತ್ತಿಗೆ ವೇಗ ಏರಿರುತ್ತದೆ, ಗಾಳಿ ಇನ್ನೂ ದಟ್ಟವಾಗಿರುತ್ತದೆ. ನಾನು ನಡುವಿನ ಮೋಟಾರಿಗೆ ಗಡಿಯಾರದ ಸಮಯ ಗೊತ್ತುಮಾಡಿದ್ದೆ. ಪಕ್ಕದವು ಅರ್ಧ ಸೆಕೆಂಡು ಮೊದಲೇ ಆರಿದರೂ ಸಾಕು, ಆ ಸಂದಿನಲ್ಲಿ ತಳ್ಳುವವರೂ ಇಲ್ಲ, ತಿದ್ದುವವರೂ ಇಲ್ಲ. ಮೂತಿ ಒಂದಿಷ್ಟು ವಾಲಿದ್ದೇ ತಡ, ಗಾಳಿ ಅದನ್ನು ಇನ್ನಷ್ಟು ತಿರುಗಿಸಿಬಿಡುತ್ತದೆ.

1988ರ ಜುಲೈನಲ್ಲಿ ಎರಡನೇ ಎಎಸ್‌ಎಲ್‌ವಿಯನ್ನು ಬೀಳಿಸಿದ್ದು ಇಂಥದೇ ಸಂದು. 1987ರ ಮೊದಲನೆಯದರಲ್ಲಿ ನಡುವಿನ ಮೋಟಾರು ಹೊತ್ತಲೇ ಇಲ್ಲ. ಇದನ್ನು ನಾನು ಮೊದಲೇ ಓದಿದ್ದೆ, ಆದರೆ ನನ್ನ ಪರದೆಯ ಮೇಲೆ ಪಲ್ಟಿ ಹೊಡೆಯುವವರೆಗೂ ತಲೆಗೆ ಇಳಿದಿರಲಿಲ್ಲ. 1992ರ ಮೇ 20ರಂದು ಗೆದ್ದ ಮೂರನೆಯದರಲ್ಲಿ ಗಡಿಯಾರವನ್ನು ನಂಬದೆ, ಪಕ್ಕದ ಮೋಟಾರುಗಳ ನೂಕುಬಲ ಕುಗ್ಗಿದ್ದನ್ನು ನೋಡಿಕೊಂಡು ನಡುವಿನದನ್ನು ಹೊತ್ತಿಸುವ ವ್ಯವಸ್ಥೆ ಇತ್ತು. ನಾನೂ ಸಮಯದ ಸಾಲನ್ನು ಅಳಿಸಿ, ವೇಗೋತ್ಕರ್ಷ ಇಳಿದರೆ ಹೊತ್ತಿಸು ಅಂತ ಬರೆದೆ. ರಾತ್ರಿ ಎರಡೂವರೆಗೆ ಕಕ್ಷೆ ಮುಟ್ಟಿತು. ಯಾರನ್ನು ಎಬ್ಬಿಸಿ ಹೇಳುವುದು!

ಪಿಎಸ್‌ಎಲ್‌ವಿ ಇದರ ನಾಲ್ಕರಷ್ಟು ಕೋಡು ಬೇಡಿದರೂ ಇಷ್ಟು ಕಾಡಲಿಲ್ಲ. ಅಲ್ಲಿ ನಡುವಿನ ದೈತ್ಯ ಮೋಟಾರು ನೆಲದಲ್ಲೇ ಹೊತ್ತುತ್ತದೆ. ಎಸ್‌ಎಲ್‌ವಿ-3ರ ಮೊದಲ ಹಂತದ ವಂಶದವೇ ಆರು ಮೋಟಾರುಗಳು ಸುತ್ತ ಕೂತಿರುತ್ತವೆ. ಎರಡನೆಯದು ವಿಕಾಸ್ ಎಂಜಿನ್ನಿನ ದ್ರವ ಹಂತ, ಮೂರನೆಯದು ಘನ, ನಾಲ್ಕನೆಯದು ಮತ್ತೆ ದ್ರವ.

ಈಗ ಜಿಎಸ್‌ಎಲ್‌ವಿ ಹಿಡಿದಿದ್ದೇನೆ. ನಡುವೆ ಪಿಎಸ್‌ಎಲ್‌ವಿಯದೇ ಘನ ಹಂತ, ಸುತ್ತ ನಾಲ್ಕು ದ್ರವ ಎಂಜಿನ್ನುಗಳು. ಇಲ್ಲಿ ಲೆಕ್ಕ ತಿರುಗುಮುರುಗು: ನಡುವಿನದು ಮೊದಲು ಆರುತ್ತದೆ, ಪಕ್ಕದವು ಆ ಖಾಲಿ ಕೊಳವೆಯನ್ನೂ ಹೊತ್ತುಕೊಂಡು ಉರಿಯುತ್ತಲೇ ಇರುತ್ತವೆ. ಆರಿದ್ದನ್ನು ಕಳಚು ಎಂದು ಕಲಿತ ನನ್ನ ಪ್ರೋಗ್ರಾಂ ನಿನ್ನೆ ನಡುವಿನದನ್ನು ಕಳಚಿ, ಅದಕ್ಕೆ ಕಟ್ಟಿದ್ದ ನಾಲ್ಕು ಉರಿಯುವ ಎಂಜಿನ್ನುಗಳನ್ನೂ ಜೊತೆಗೇ ಕಳಿಸಿಕೊಟ್ಟಿತು.