ತಲೆಗೆ ಪೆಟ್ಟಾದವರ ಆರೈಕೆ: ಐಸಿಯುವಿನಿಂದ ಅಡುಗೆಮನೆಯವರೆಗೆ ಒಂದೇ ನೋಟ್‌ಬುಕ್ಕು

ಐಸಿಯು ಹೊರಗೆ ಕಾಯುತ್ತ ಕೂತವರು ಮೊದಲು ತರಿಸಿಕೊಳ್ಳಬೇಕಾದದ್ದು 200 ಪುಟದ ಒಂದು ಉದ್ದ ನೋಟ್‌ಬುಕ್ಕು. ಬೈಕ್ ಅಪಘಾತದಲ್ಲಿ ತಮ್ಮನ ಮಿದುಳಿಗೆ ಪೆಟ್ಟಾದಾಗ ನಾನು ಬರೆಯತೊಡಗಿದ ಪುಸ್ತಕವೇ ವಾರ್ಡಿಗೆ, ಮನೆಗೆ, ಫಿಸಿಯೋ ಕೋಣೆಗೆ, ಕೊನೆಗೆ ಅವನ ಕೆಲಸದ ಜಾಗಕ್ಕೂ ಹೋಯಿತು. ಇಲ್ಲಿರುವುದೆಲ್ಲ ಅದರಿಂದ ಎತ್ತಿದ್ದು. ಯಾವ ಮಾತ್ರೆ, ಎಷ್ಟು ಡೋಸು ಎಂಬುದು ನಿಮ್ಮ ವೈದ್ಯರ ಮಾತು. ದಿನದ ಉಳಿದ ಇಪ್ಪತ್ತಮೂರು ಗಂಟೆ ಮನೆಯವರದು, ನಾನು ಬರೆಯುತ್ತಿರುವುದು ಆ ಹೊತ್ತಿನ ಬಗ್ಗೆ.

ರೌಂಡ್ಸಿನಲ್ಲಿ ಡಾಕ್ಟರು ಹೇಳುವ ಜಿಸಿಎಸ್ ಅಂಕವನ್ನು ದಿನಾ ಬರೆದುಕೊಳ್ಳಿ. ಗ್ಲಾಸ್ಗೋ ನಗರದಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು 1974ರಲ್ಲಿ ರೂಪಿಸಿದ, ಪ್ರಜ್ಞೆ ಎಷ್ಟಿದೆ ಎಂದು ಹೇಳುವ ಅಳತೆ ಅದು. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6, ಒಟ್ಟು 15. ಏನೂ ಸ್ಪಂದಿಸದಿದ್ದರೂ 3 ಇರುತ್ತದೆ. 8 ಅಥವಾ ಅದಕ್ಕಿಂತ ಕಡಿಮೆಯಾದರೆ ತೀವ್ರ ಪೆಟ್ಟು. ಗಂಟಲಿಗೆ ನಳಿಕೆ ಹಾಕಿದ್ದರೆ ಮಾತಿಗೆ ಅಂಕ ಕೊಡಲಾಗದು, ಆದ್ದರಿಂದ ಒಟ್ಟು ಅಂಕ ಕೇಳಿ ಗಾಬರಿಯಾಗುವ ಬದಲು ಚಲನೆಯ ಅಂಕವನ್ನು ಬಿಡಿಯಾಗಿ ಕೇಳಿ. 5 ಎಂದರೆ ಚಿವುಟಿದ ಕಡೆಗೆ ಕೈ ತರುತ್ತಾನೆ, 6 ಎಂದರೆ ಹೇಳಿದ್ದನ್ನು ಮಾಡುತ್ತಾನೆ. ಈ ಎರಡರ ನಡುವೆ ಮನೆಯವರು ಹೆಚ್ಚಾಗಿ ಮೋಸಹೋಗುತ್ತಾರೆ. ಅಂಗೈಗೆ ಬೆರಳಿಟ್ಟರೆ ಪ್ರಜ್ಞೆ ಇಲ್ಲದವರೂ ಎಳೆಗೂಸಿನ ಹಾಗೆ ಹಿಡಿದುಕೊಳ್ಳಬಹುದು. "ಕೈ ಹಿಡಿ" ಅನ್ನಬೇಡಿ, "ಎರಡು ಬೆರಳು ತೋರಿಸು", "ಈಗ ಕೈ ಬಿಡು" ಅನ್ನಿ. ಮೂರು ಸಲಕ್ಕೆ ಮೂರೂ ಸಲ ಮಾಡಿದರೆ ಮಾತ್ರ ಪುಸ್ತಕದಲ್ಲಿ ಗುರುತು ಹಾಕಿ, ನರ್ಸಿಗೂ ತೋರಿಸಿ.

ಡಿಸ್ಚಾರ್ಜ್ ಅನ್ನುವ ಮಾತು ಬಂದ ದಿನದಿಂದ ನರ್ಸ್ ಮಾಡುವುದನ್ನು ನೋಡುತ್ತ ನಿಂತರೆ ಸಾಲದು. ಅವರ ಎದುರಿಗೇ ನಿಮ್ಮ ಕೈಯಿಂದ ಮಾಡಬೇಕು, ಮನೆಯಲ್ಲಿ ನೋಡಿಕೊಳ್ಳುವ ಕನಿಷ್ಠ ಇಬ್ಬರು ಕಲಿಯಬೇಕು. ಒಬ್ಬರೇ ಕಲಿತರೆ ಅವರಿಗೆ ಜ್ವರ ಬಂದ ದಿನ ಎಲ್ಲವೂ ನಿಲ್ಲುತ್ತದೆ.

ಮೊದಲನೆಯದು ರೈಲ್ಸ್ ಟ್ಯೂಬಿನ, ಅಂದರೆ ಮೂಗಿನಿಂದ ಹೊಟ್ಟೆಗೆ ಇಳಿಸಿದ ನಳಿಕೆಯ ಊಟ. ಮೂಗಿನ ಹೊಳ್ಳೆಯ ಅಂಚಿಗೆ ಸರಿಯಾಗಿ ಟ್ಯೂಬಿನ ಮೇಲೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆಯಿರಿ. ಗೆರೆ ಹೊರಗೆ ಜಾರಿದ್ದರೆ, ಕೆಮ್ಮು ಬರುತ್ತಿದ್ದರೆ, ಉಸಿರು ಏರುತ್ತಿದ್ದರೆ ಏನೂ ಹಾಕಬಾರದು. ತಲೆದಿಂಬಿನ ಭಾಗ 30ರಿಂದ 45 ಡಿಗ್ರಿ ಎತ್ತರದಲ್ಲಿರಬೇಕು. ಬಾಡಿಗೆಯ ಆಸ್ಪತ್ರೆ ಮಂಚ ಇಲ್ಲದವರು ಸಾಮಾನ್ಯ ಮಂಚದ ತಲೆಯ ಕಡೆಗೆ ಇಟ್ಟಿಗೆ ಕೊಟ್ಟರೆ ಸಾಲದು, ಬೆನ್ನಿಗೆ ಇಳಿಜಾರಿನ ಹಲಗೆ ಬೇಕಾಗುತ್ತದೆ. ಮೊದಲು ಸಿರಿಂಜಿನಿಂದ ಹೊಟ್ಟೆಯ ರಸ ಎಳೆದು ನೋಡಬೇಕು. ಹಿಂದಿನ ಊಟವೇ 200 ಮಿಲಿಗಿಂತ ಹೆಚ್ಚು ವಾಪಸ್ ಬಂದರೆ ಒಂದು ಗಂಟೆ ತಡೆಯಿರಿ, ಮತ್ತೆ ಹಾಗೇ ಆದರೆ ಫೋನ್ ಮಾಡಿ. ನಾವು ಮೂರು ಗಂಟೆಗೊಮ್ಮೆ 200ರಿಂದ 250 ಮಿಲಿ ಕೊಟ್ಟೆವು. ಸಿರಿಂಜಿನ ಪಿಸ್ಟನ್ ಒತ್ತದೆ, ಎತ್ತಿ ಹಿಡಿದು ತಾನಾಗಿ ಇಳಿಯಲು ಬಿಟ್ಟರೆ ಹದಿನೈದು ನಿಮಿಷ ಹಿಡಿಯುತ್ತದೆ, ಅಷ್ಟು ಹಿಡಿಯಲೇಬೇಕು. ಆಮೇಲೆ 30ರಿಂದ 50 ಮಿಲಿ ನೀರು ಬಿಟ್ಟು ನಳಿಕೆ ತೊಳೆಯಿರಿ, ಒಂದು ಗಂಟೆ ತಲೆ ಇಳಿಸಬೇಡಿ. ರಾಗಿ ಸರಿಯನ್ನು ತೆಳ್ಳಗೆ ಮಾಡಿ ಬಟ್ಟೆಯಲ್ಲಿ ಸೋಸಿದರೂ ಆರುತ್ತ ಗಟ್ಟಿಯಾಗುತ್ತದೆ. ನಮ್ಮ ಟ್ಯೂಬು ಕಟ್ಟಿಕೊಂಡದ್ದು ಎರಡು ಸಲವೂ ಅದರಿಂದಲೇ. ಬೇಳೆ ಕಟ್ಟು, ಹಾಲು, ಬೇಯಿಸಿ ಅರೆದ ಮೊಟ್ಟೆಯ ಬಿಳಿಯಿಂದ ತೊಂದರೆಯಾಗಲಿಲ್ಲ.

ಮಾತ್ರೆಗಳನ್ನು ಒಟ್ಟಿಗೆ ಅರೆಯಬಾರದು. ಒಂದೊಂದನ್ನೇ ಪುಡಿ ಮಾಡಿ, ನೀರಲ್ಲಿ ಕಲಸಿ ಹಾಕಿ, ನಡುವೆ ನೀರು ಬಿಡಬೇಕು. ಹೆಸರಿನ ಮುಂದೆ ಎಸ್‌ಆರ್, ಸಿಆರ್ ಎಂದಿದ್ದರೆ ಅರೆಯುವಂತೆಯೇ ಇಲ್ಲ. ನಿಧಾನವಾಗಿ ಕರಗಬೇಕಾದ ಔಷಧ ಒಮ್ಮೆಲೇ ರಕ್ತಕ್ಕೆ ಸೇರುತ್ತದೆ, ಬದಲಿ ಬರೆಸಿಕೊಳ್ಳಿ. ಫಿಟ್ಸಿಗೆ ಕೊಡುವ ಫೆನಿಟಾಯಿನ್ ಟ್ಯೂಬಿನ ಊಟದ ಜೊತೆ ಸೇರಿದರೆ ಸರಿಯಾಗಿ ಹೀರಿಕೆಯಾಗುವುದಿಲ್ಲ. ಊಟಕ್ಕೂ ಅದಕ್ಕೂ ಎಷ್ಟು ಅಂತರ ಇರಬೇಕೆಂದು ಕೇಳಿ ಗೋಡೆಯ ಮೇಲೆ ಬರೆದು ಅಂಟಿಸಿ.

ಬಾಯಿಂದ ಊಟ ಶುರುಮಾಡುವಾಗ ನಮ್ಮ ಕಡೆಯ ಪ್ರೀತಿಯೇ ಅಪಾಯ ತರುತ್ತದೆ. ನೋಡಲು ಬಂದವರು "ಒಂದು ಗುಟುಕು ನೀರಾದರೂ ಕೊಡಿ, ಪಾಪ" ಅನ್ನುತ್ತಾರೆ. ನುಂಗುವ ಶಕ್ತಿ ಕುಂದಿದವರಿಗೆ ಎಲ್ಲಕ್ಕಿಂತ ಕಷ್ಟ ನೀರು. ಅದು ಬೇಗ ಹರಿದು ಶ್ವಾಸನಾಳಕ್ಕೆ ಇಳಿಯುತ್ತದೆ. ನುಂಗುವಿಕೆಯನ್ನು ಪರೀಕ್ಷಿಸಿದ ಥೆರಪಿಸ್ಟ್ ಒಪ್ಪಿದ ಮೇಲೆ, ನೇರವಾಗಿ ಕೂರಿಸಿ, ಗದ್ದ ಎದೆಯ ಕಡೆ ಬಾಗಿಸಿ, ಗಟ್ಟಿ ರಾಗಿ ಸರಿ ಅಥವಾ ಹಿಸುಕಿದ ಬಾಳೆಹಣ್ಣು, ಅರ್ಧ ಟೀ ಚಮಚದಿಂದ ಆರಂಭಿಸಿದೆವು. ಪ್ರತಿ ಚಮಚದ ನಂತರ "ಆ" ಅನ್ನಿಸಬೇಕು. ದನಿ ನೀರು ತುಂಬಿದ ಹಾಗೆ ಗೊರಗೊರ ಅಂದರೆ ನಿಲ್ಲಿಸಿ. ಕೆಮ್ಮು ಬರಲಿಲ್ಲ ಎಂಬುದೊಂದೇ ಧೈರ್ಯವಲ್ಲ, ಕೆಲವರಲ್ಲಿ ಕೆಮ್ಮಿಲ್ಲದೆಯೇ ಒಳಗೆ ಇಳಿಯುತ್ತದೆ. ಸಂಜೆ ಜ್ವರ ಬಂದರೆ ಆ ದಿನದ ಊಟದ ಪುಟ ತೆಗೆದು ಡಾಕ್ಟರಿಗೆ ತೋರಿಸಿ.

ಮಗ್ಗುಲು ಬದಲಿಸುವುದು ಎರಡು ಗಂಟೆಗೊಮ್ಮೆ, ಏರ್ ಬೆಡ್ ಇದ್ದರೂ. ಪುಸ್ತಕದಲ್ಲಿ ಎಡ, ಬಲ, ಬೆನ್ನು ಎಂದು ಗಂಟೆಯ ಮುಂದೆ ಬರೆಯದಿದ್ದರೆ ರಾತ್ರಿ ಎರಡರಿಂದ ಆರರವರೆಗೆ ಖಂಡಿತ ತಪ್ಪುತ್ತದೆ. ಸೊಂಟದ ಕೆಳಗಿನ ಮೂಳೆ, ಹಿಮ್ಮಡಿ, ತಲೆಯ ಹಿಂಭಾಗ, ತೊಡೆಯ ಪಕ್ಕದ ಮೂಳೆ, ಈ ನಾಲ್ಕು ಜಾಗವನ್ನು ಬೆಳಿಗ್ಗೆ ಬೆಳಕಿನಲ್ಲಿ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿದಾಗಲೂ ಬಣ್ಣ ಬಿಳಿಚದೆ ಹಾಗೇ ಉಳಿದರೆ ಅದೇ ಹುಣ್ಣಿನ ಆರಂಭ. ಅಲ್ಲಿ ಉಜ್ಜಬೇಡಿ, ಭಾರ ತಪ್ಪಿಸಿ. ಎಳೆದು ಸರಿಸುವ ಬದಲು ಅಡಿಯಲ್ಲೊಂದು ಪಂಚೆ ಹಾಸಿ ಇಬ್ಬರು ಎತ್ತಿ ಸರಿಸಿ.

ಮಿದುಳು ಊದಿಕೊಂಡು ತಲೆಬುರುಡೆಯ ಮೂಳೆ ತೆಗೆದಿದ್ದರೆ ಆ ಮೂಳೆಯನ್ನು ಹೊಟ್ಟೆಯ ಚರ್ಮದಡಿ ಅಥವಾ ಆಸ್ಪತ್ರೆಯ ಫ್ರೀಜರಿನಲ್ಲಿ ಇಟ್ಟಿರುತ್ತಾರೆ. ಎಲ್ಲಿದೆ ಎಂದು ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆಸಿಕೊಳ್ಳಿ. ಮತ್ತೆ ಕೂರಿಸುವುದು ಸಾಮಾನ್ಯವಾಗಿ ಕೆಲವು ತಿಂಗಳ ನಂತರ. ಅಲ್ಲಿಯವರೆಗೆ ಆ ಕಡೆಗೆ ಮಲಗಿಸಬಾರದು. ಮಂಚದ ತಲೆಗೆ "ಎಡಗಡೆ ಮೂಳೆ ಇಲ್ಲ" ಎಂದು ದಪ್ಪಕ್ಷರದಲ್ಲಿ ಬರೆದು ಹಾಕಿದ್ದೆವು. ಎಬ್ಬಿಸಿ ನಿಲ್ಲಿಸುವ ದಿನದಿಂದ ಹಗುರ ಹೆಲ್ಮೆಟ್ ಹಾಕಿಸಿ. ಕೆಮ್ಮಿದಾಗ ಆ ಜಾಗ ಉಬ್ಬುವುದು ಸಹಜ. ಸುಮ್ಮನೆ ಕೂತಿದ್ದಾಗಲೂ ಬಿಗಿದು ಉಬ್ಬಿದ್ದರೆ ಕಾಯಬೇಡಿ.

ಕೀಲುಗಳ ಕೆಲಸ ಐಸಿಯುವಿನಲ್ಲೇ ಶುರುವಾಗಬೇಕು. ದಿನಕ್ಕೆರಡು ಸಲ ಪ್ರತಿ ಕೀಲನ್ನೂ ಹತ್ತು ಸಲ ನಿಧಾನವಾಗಿ ಪೂರ್ತಿ ಮಡಚಿ ಬಿಡಿಸಬೇಕು. ಪಾದ ಕೆಳಕ್ಕೆ ಚಾಚಿಕೊಂಡೇ ಸೆಟೆದುಹೋದರೆ, ಮುಂದೆ ಪ್ರಜ್ಞೆ ಮರಳಿದರೂ ನೆಲಕ್ಕೆ ಹಿಮ್ಮಡಿ ಊರಲಾಗದು. ಅದಕ್ಕೇ ಪಾದವನ್ನು ನೆಟ್ಟಗೆ ಹಿಡಿದಿಡುವ ಸ್ಪ್ಲಿಂಟ್. ಬಲಹೀನ ಕೈಯನ್ನು ಹಿಡಿದೆಳೆದು ಕೂರಿಸುವುದು ದೊಡ್ಡ ತಪ್ಪು, ಭುಜದ ಕೀಲು ಜಾರುತ್ತದೆ. ಬೆನ್ನು, ಸೊಂಟಕ್ಕೆ ಕೈ ಕೊಟ್ಟು ಎಬ್ಬಿಸಿ. ಮೊಣಕೈ ಅಥವಾ ತೊಡೆಸಂದು ಬಿಸಿಯಾಗಿ, ಊದಿ, ದಿನದಿಂದ ದಿನಕ್ಕೆ ಮಡಚುವುದು ಕಡಿಮೆಯಾದರೆ ಸ್ನಾಯುವಿನಲ್ಲಿ ಮೂಳೆ ಬೆಳೆಯುತ್ತಿರಬಹುದು. ಬಲವಂತದ ವ್ಯಾಯಾಮ ನಿಲ್ಲಿಸಿ ತೋರಿಸಿ.

ಕೂತಲ್ಲಿಂದ ಏಳುವ ಅಭ್ಯಾಸಕ್ಕೆ ಎತ್ತರದ ಕುರ್ಚಿಯಿಂದ ಶುರುಮಾಡಿ. 22 ಇಂಚಿನಿಂದ ಹತ್ತು ಸಲದಂತೆ ಮೂರು ಸುತ್ತು ಸಲೀಸಾದ ಮೇಲೆ 20, ಆಮೇಲೆ 18. ಇಳಿಸಿದ ತಾರೀಕನ್ನು ಪುಸ್ತಕದಲ್ಲಿ ಬರೆದರೆ, ಏನೂ ಆಗುತ್ತಿಲ್ಲ ಅನ್ನಿಸುವ ವಾರಗಳಲ್ಲಿ ಅದೇ ಉತ್ತರ ಕೊಡುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರ ಪುನಶ್ಚೇತನಕ್ಕೆಂದೇ ವಿಭಾಗವಿದೆ. ದೂರದ ಊರಿನವರು ಒಮ್ಮೆ ಪೂರ್ತಿ ಪರೀಕ್ಷೆ ಮಾಡಿಸಿ, ವ್ಯಾಯಾಮಗಳನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಬರುವುದು ಒಳ್ಳೆಯದು.

ಇನ್ನು ಯಾರೂ ಮುಂಚಿತವಾಗಿ ಹೇಳದ ಘಟ್ಟ. ಕಣ್ಣು ಬಿಟ್ಟು ಮಾತಾಡತೊಡಗಿದ ಮೇಲೂ ಹೊಸದೇನೂ ನೆನಪಿನಲ್ಲಿ ನಿಲ್ಲದ ದಿನಗಳಿರುತ್ತವೆ. ಇವು ಒಂದು ದಿನ ಮೀರಿದರೆ ಪೆಟ್ಟು ತೀವ್ರ, ನಾಲ್ಕು ವಾರ ಮೀರಿದರೆ ಅತಿ ತೀವ್ರ ಎಂದು ಲೆಕ್ಕ. ಆಸ್ಪತ್ರೆ ಮಂಚದಲ್ಲಿ ಮಲಗಿ "ಬೆಳಿಗ್ಗೆ ತೋಟಕ್ಕೆ ನೀರು ಬಿಟ್ಟು ಬಂದೆ" ಅನ್ನುತ್ತಾರೆ. ಅದು ಸುಳ್ಳಲ್ಲ, ಮಿದುಳು ಖಾಲಿ ಜಾಗವನ್ನು ತುಂಬಿಕೊಳ್ಳುವ ರೀತಿ. ಬಂದವರೆಲ್ಲ "ನಾನ್ಯಾರು ಹೇಳು ನೋಡೋಣ" ಎಂದು ಪರೀಕ್ಷೆ ಮಾಡುವುದನ್ನು ಬಾಗಿಲಲ್ಲೇ ತಡೆಯಬೇಕು. ಕೇಳಬೇಡಿ, ಹೇಳಿ: "ನಾನು ನಿನ್ನ ಅಣ್ಣ. ಆಸ್ಪತ್ರೆಯಲ್ಲಿದ್ದೀಯ. ಇವತ್ತು ಸೋಮವಾರ." ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರನ್ನು ಕಣ್ಣೆದುರು ನೇತುಹಾಕಿ. ಒಂದು ಸಲಕ್ಕೆ ಇಬ್ಬರೇ, ಹತ್ತು ನಿಮಿಷ, ಟಿವಿ ಬಂದ್.

ಇದೇ ಹೊತ್ತಿಗೆ ಸಿಟ್ಟು, ಬೈಗುಳ, ಟ್ಯೂಬ್ ಕಿತ್ತುಕೊಳ್ಳುವುದು ಬರುತ್ತದೆ. ಪುಸ್ತಕದಲ್ಲಿ ಮೂರು ಕಾಲಂ ಹಾಕಿ: ಅದಕ್ಕೆ ಮೊದಲು ಏನಾಯಿತು, ಏನು ಮಾಡಿದ, ಆಮೇಲೆ ನಾವೇನು ಮಾಡಿದೆವು. ಒಂದು ವಾರ ತುಂಬಿದರೆ ಕಾರಣ ತಾನಾಗಿ ಕಾಣುತ್ತದೆ. ನಮ್ಮಲ್ಲಿ ಕಂಡದ್ದು ಮೂರು ದಿನದ ಮಲಬದ್ಧತೆ ಮತ್ತು ಸಂಜೆಯ ಜನಸಂದಣಿ. ಮೂತ್ರದ ನಳಿಕೆಯ ಕಿರಿಕಿರಿ, ನೋವು, ಲೆವೆಟಿರಸೆಟಮ್‌ನಂಥ ಫಿಟ್ಸ್ ಔಷಧ ಕೂಡ ಸಿಟ್ಟು ತರಬಲ್ಲವು. ಹಾಗೆಂದು ಆ ಔಷಧವನ್ನು ನೀವೇ ನಿಲ್ಲಿಸಬಾರದು, ತಟ್ಟನೆ ಬಿಟ್ಟರೆ ಫಿಟ್ಸ್ ಬರಬಹುದು. ಕೈ ಕಟ್ಟಿದರೆ ಗಾಬರಿ ಹೆಚ್ಚುತ್ತದೆ. ಹಾಸಿಗೆಯನ್ನು ನೆಲಕ್ಕೇ ಹಾಕಿ, ಪಕ್ಕದಲ್ಲಿ ಒಬ್ಬರು ಇರಿ.

ಹೊಸ ವಿಷಯ ಮೂರು ದಿನ ಸತತವಾಗಿ ನೆನಪಿನಲ್ಲಿ ನಿಲ್ಲತೊಡಗಿದಾಗ ಪುಸ್ತಕವನ್ನು ಅವರ ಕೈಗೆ ಕೊಡಿ. ಎಡಪುಟದಲ್ಲಿ ದಿನದ ವೇಳಾಪಟ್ಟಿ, ಬಲಪುಟದಲ್ಲಿ ಮಾಡಿದ್ದಕ್ಕೆ ಟಿಕ್ಕು. ಹೊಸ ಕೆಲಸ ಕಲಿಸುವಾಗ ಊಹಿಸಲು ಬಿಡಬೇಡಿ. ನೆನಪು ಕುಂದಿದವರ ಮನಸ್ಸಿನಲ್ಲಿ ತಪ್ಪು ಉತ್ತರವೇ ಕೂತುಬಿಡುತ್ತದೆ. ಸ್ನಾನವನ್ನು ಎಂಟು ಹೆಜ್ಜೆಯಾಗಿ ಒಡೆದು, ಏಳನ್ನು ನೀವು ಮಾಡಿಸಿ, ಕೊನೆಯದನ್ನು, ಅಂದರೆ ಟವೆಲ್ ನೇತುಹಾಕುವುದನ್ನು ಅವರಿಗೆ ಬಿಡಿ. ಅದು ಕೂತ ಮೇಲೆ ಕೊನೆಯ ಎರಡು, ಆಮೇಲೆ ಮೂರು. ಹೀಗೆ ಹಿಂದಿನಿಂದ ಬಂದರೆ ಪ್ರತಿ ದಿನವೂ ಕೆಲಸ ಅವರ ಕೈಯಲ್ಲೇ ಮುಗಿಯುತ್ತದೆ.

ಎದುರಿಗೆ ಕಾಫಿ ಇದ್ದರೂ ಕುಡಿಯದೆ ಕೂತಿರುವುದನ್ನು ಕಂಡು ಮನೆಯ ಹಿರಿಯರು ಸೋಮಾರಿತನ ಅನ್ನುತ್ತಾರೆ. ಈ ಮಾತು ನನಗೆ ಇಂದಿಗೂ ಸಂಕಟ ಕೊಡುತ್ತದೆ. ಹಣೆಯ ಹಿಂದಿನ ಮಿದುಳಿಗೆ ಪೆಟ್ಟಾದರೆ ಕೆಲಸ ಗೊತ್ತಿದ್ದರೂ ಅದನ್ನು ಆರಂಭಿಸುವ ಶಕ್ತಿಯೇ ಹೋಗಿರುತ್ತದೆ. ಬುದ್ಧಿ ಹೇಳಿ ಪ್ರಯೋಜನವಿಲ್ಲ, ಲೋಟವನ್ನು ಕೈಗೆ ಮುಟ್ಟಿಸಿ. ಮೊಬೈಲ್ ಅಲಾರಂ ನಮ್ಮ ದನಿಗಿಂತ ಚೆನ್ನಾಗಿ ಕೆಲಸ ಮಾಡಿತು, ಅದರಲ್ಲಿ ಗದರಿಕೆ ಇರುವುದಿಲ್ಲ. ಆಯಾಸವೂ ಹಾಗೆಯೇ ನಿಜವಾದದ್ದು. 20 ನಿಮಿಷ ಕೆಲಸ, 10 ನಿಮಿಷ ಕಣ್ಣು ಮುಚ್ಚಿ ವಿಶ್ರಾಂತಿ ಎಂಬ ಲೆಕ್ಕದಲ್ಲಿ ಶುರುಮಾಡಿ. ಚೇತರಿಕೆ ಮೊದಲ ಆರು ತಿಂಗಳಲ್ಲಿ ವೇಗವಾಗಿರುತ್ತದೆ, ಆಮೇಲೆ ನಿಧಾನವಾಗಿ ವರ್ಷಗಟ್ಟಲೆ ಮುಂದುವರಿಯುತ್ತದೆ.

ಚೇತರಿಸಿಕೊಳ್ಳುತ್ತಿದ್ದವರು ಹಿಂದಕ್ಕೆ ಜಾರಿದರೆ ಸುಮ್ಮನಿರಬಾರದು. ಕಾಲು ಅಗಲಿಸಿ ಎಳೆದು ನಡೆಯುವುದು, ಬಟ್ಟೆಯಲ್ಲೇ ಮೂತ್ರ, ಮಂಕು, ಇವು ಒಟ್ಟಿಗೆ ಬಂದರೆ ಮಿದುಳಿನಲ್ಲಿ ನೀರು ತುಂಬುತ್ತಿರಬಹುದು, ಸ್ಕ್ಯಾನ್ ಬೇಕು. ಇದ್ದಕ್ಕಿದ್ದಂತೆ ತೂಕಡಿಕೆ, ಗೊಂದಲ ಕಂಡರೆ ರಕ್ತದ ಸೋಡಿಯಂ ನೋಡಿಸಿ, 135ರಿಂದ 145 ಇರಬೇಕು. ಫಿಟ್ಸ್ ಬಂದರೆ ಮಗ್ಗುಲಿಗೆ ತಿರುಗಿಸಿ, ಗಡಿಯಾರ ನೋಡಿ. ಕೈಗೆ ಕಬ್ಬಿಣ, ಬಾಯಿಗೆ ಚಮಚ ಬೇಡ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ.

ಎಂಎಲ್‌ಸಿ (ಆಸ್ಪತ್ರೆ ಪೊಲೀಸರಿಗೆ ತಿಳಿಸುವ ಪ್ರಕರಣದ) ಸಂಖ್ಯೆ, ಎಫ್‌ಐಆರ್ ಪ್ರತಿ, ಗಾಯದ ಪ್ರಮಾಣಪತ್ರ, ಸ್ಕ್ಯಾನ್ ಸಿಡಿ, ಬಿಲ್ಲುಗಳನ್ನು ಮೊದಲ ದಿನದಿಂದಲೇ ಒಂದು ಫೈಲಿನಲ್ಲಿ ಇಡಿ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪರಿಹಾರದ ಅರ್ಜಿಗೆ ಆರು ತಿಂಗಳ ಗಡುವು ಇಟ್ಟಿದೆ, ಆರೈಕೆಯ ಗಡಿಬಿಡಿಯಲ್ಲಿ ಅದು ಕಳೆದುಹೋಗುತ್ತದೆ. ಕೊರತೆ ಉಳಿದರೆ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿಗೆ ಅರ್ಜಿ ಹಾಕಿ. ಅನೇಕ ಸೌಲಭ್ಯಗಳಿಗೆ ಶೇ. 40 ಅಂಗವೈಕಲ್ಯ ಬೇಕು. ನೆನಪು ಮತ್ತು ನಡವಳಿಕೆಯ ಕೊರತೆ ಕಣ್ಣಿಗೆ ಕಾಣದ ಕಾರಣ ಮನಶ್ಶಾಸ್ತ್ರಜ್ಞರ ಪರೀಕ್ಷಾ ವರದಿಯನ್ನೂ ಜೊತೆಗೊಯ್ಯಿರಿ.

ಮದ್ಯ ಬೇಡವೇ ಬೇಡ, ವೈದ್ಯರು ಒಪ್ಪುವವರೆಗೆ ಬೈಕ್ ಕೀಲಿಯೂ ಬೇಡ. ಕೆಲಸಕ್ಕೆ ಮರಳುವುದು ಅರ್ಧ ದಿನದಿಂದ, ಹಳೆಯ ಪರಿಚಿತ ಕೆಲಸದಿಂದ, ಪುಸ್ತಕ ಜೇಬಿನಲ್ಲಿ ಹಿಡಿಸುವಷ್ಟು ಚಿಕ್ಕದಾದ ಮೇಲೆ.

ಕೊನೆಗೊಂದು ಪರೀಕ್ಷೆ ಮನೆಯಲ್ಲೇ ಮಾಡಿ. ಕಣ್ಣು ಮುಚ್ಚಿಸಿ ಕಾಫಿಪುಡಿ, ಇಂಗು, ಮಲ್ಲಿಗೆ ಮೂಸಿಸಿ. ತಲೆಗೆ ಪೆಟ್ಟಾದಾಗ ವಾಸನೆಯ ನರಗಳು ಹರಿದುಹೋಗುವುದು ಅಪರೂಪವಲ್ಲ, ರೋಗಿಗೆ ಅದು ಗೊತ್ತೇ ಇರುವುದಿಲ್ಲ. ವಾಸನೆ ಹೋಗಿದ್ದರೆ ಹಳಸಿದ ಸಾರು, ಸೋರುವ ಗ್ಯಾಸು ಎರಡೂ ತಿಳಿಯುವುದಿಲ್ಲ. ಡಬ್ಬಗಳಿಗೆ ತಾರೀಕಿನ ಚೀಟಿ ಅಂಟಿಸಿ, ಅಡುಗೆಮನೆಯಲ್ಲಿ ಗ್ಯಾಸ್ ಸೋರಿಕೆಯ ಅಲಾರಂ ಹಾಕಿಸಿ. ಎಲ್‌ಪಿಜಿ ಗಾಳಿಗಿಂತ ಭಾರ, ಆದ್ದರಿಂದ ಅದನ್ನು ನೆಲದಿಂದ ಒಂದು ಅಡಿಯೊಳಗೆ ಕೂರಿಸಬೇಕು. ನಮ್ಮ ಪುಸ್ತಕದ ಬಲಪುಟದಲ್ಲಿ ಈಗ ದಿನವೂ ಬೀಳುವ ಕೊನೆಯ ಟಿಕ್ಕು ಅದರದೇ, ತಮ್ಮನ ಸೊಟ್ಟ ಅಕ್ಷರದಲ್ಲಿ: "ರೆಗ್ಯುಲೇಟರ್ ಆಫ್, ನೋಡಿದೆ, 9.40."