ಎರೆ ಹೊಲದಲ್ಲಿ ಮಳೆ ನೋಡಿ ಕೆಲಸ ಹಚ್ಚುವ ಬಗೆ

ಧಾರವಾಡ, ಗದಗ, ಹಾವೇರಿ ಸೀಮೆಯ ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಹೊಸದಾಗಿ ಬೇಸಾಯಕ್ಕಿಳಿಯುವವರು ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ವರ್ಷದಲ್ಲಿ ಹೊಲಕ್ಕಿಳಿದು ಕೆಲಸ ಮಾಡಲು ಒದಗುವ ದಿನಗಳು ನಾವು ಎಣಿಸಿಕೊಂಡದ್ದಕ್ಕಿಂತ ಬಹಳ ಕಡಿಮೆ. ಬೇಸಿಗೆಯಲ್ಲಿ ಈ ಮಣ್ಣು ಕೈ ತೂರುವಷ್ಟು ಬಿರುಕು ಬಿಟ್ಟು ಗುದ್ದಲಿಗೂ ಜಗ್ಗದಂತಾಗುತ್ತದೆ; ಮಳೆ ಬಿದ್ದರೆ ಗಾಲಿಗೂ ಕಾಲಿಗೂ ಮೆತ್ತಿಕೊಂಡು ಮುಂದೆ ಹೆಜ್ಜೆ ಇಡಗೊಡುವುದಿಲ್ಲ. ಇವೆರಡರ ನಡುವೆ ಕೆಲವೇ ದಿನ ನಿಲ್ಲುವ ಸ್ಥಿತಿಯೇ ಹದ. ಶಿರಹಟ್ಟಿ, ಮುಂಡರಗಿ ಕಡೆಯ ಮಸಾರಿ (ಕೆಂಪು ಮಣ್ಣಿನ) ಹೊಲಗಳಲ್ಲಿ ಮಳೆಯಾದ ಮರುದಿನವೇ ಕುಂಟೆ ಹೊಡೆಯಬಹುದು, ಆದರೆ ಅಲ್ಲಿ ಹದ ಆರುವುದೂ ಅಷ್ಟೇ ಬೇಗ. ಆದ್ದರಿಂದ ಮದುವೆಯ ಮಾತುಕತೆ, ಬ್ಯಾಂಕಿನ ಕೆಲಸ, ಬೀಜ ಬಿತ್ತುವ ಕೂರಿಗೆಯ ರಿಪೇರಿ, ಗೊಬ್ಬರದ ಖರೀದಿ ಇವೆಲ್ಲವನ್ನೂ ಹೊಲಕ್ಕೆ ಹೋಗಲಾಗದ ದಿನಗಳಿಗೆ ತಳ್ಳಿ, ಹದದ ದಿನಗಳನ್ನು ಹೊಲಕ್ಕೇ ಮೀಸಲಿಡುವಂತೆ ಮನೆಯ ವ್ಯವಹಾರವನ್ನು ಹೊಂದಿಸಿಕೊಳ್ಳಬೇಕು.

ಇದಕ್ಕೆ ನಿಮ್ಮ ಹೊಲಕ್ಕೆ ಬಿದ್ದ ಮಳೆಯ ಲೆಕ್ಕ ನಿಮ್ಮ ಕೈಯಲ್ಲಿಯೇ ಇರಬೇಕು. ಏಪ್ರಿಲ್‌, ಮೇ ತಿಂಗಳ ಅಡ್ಡಮಳೆ, ಅಂದರೆ ಮುಂಗಾರಿಗೆ ಮುಂಚಿನ ಗುಡುಗು ಮಳೆ, ಊರಿನ ಮೂಡಣ ಹೊಲಗಳಿಗೆ ಹೊಯ್ದು ಪಡುವಣ ಹೊಲಗಳನ್ನು ಒಣಗಲು ಬಿಟ್ಟು ಹೋಗುವುದುಂಟು, ಹಾಗಾಗಿ ಹೋಬಳಿಯ ಅಂಕಿಯೊಂದನ್ನೇ ನಂಬಿ ಬಿತ್ತುವುದು ಸರಿಯಲ್ಲ. ತಳ ಚಪ್ಪಟೆಯಾಗಿದ್ದು ಬದಿ ನೇರವಾಗಿರುವ ಯಾವುದೇ ಡಬ್ಬಿಯನ್ನು ಗಿಡಮರಗಳಿಂದ ದೂರ, ಬಯಲಿನಲ್ಲಿ, ಗಾಳಿಗೆ ಉರುಳದಂತೆ ನಿಲ್ಲಿಸಿ, ದಿನವೂ ಬೆಳಿಗ್ಗೆ 8:30ಕ್ಕೆ ಸ್ಕೇಲಿನಿಂದ ನೀರಿನ ಎತ್ತರವನ್ನು ಮಿಲಿಮೀಟರಿನಲ್ಲಿ ಅಳೆದು ಬರೆದಿಟ್ಟುಕೊಂಡರೆ ಸಾಕು. ಹವಾಮಾನ ಇಲಾಖೆ ಅಳೆಯುವುದೂ ಅದೇ ಹೊತ್ತಿಗೆ. ಒಂದು ಮಿಲಿಮೀಟರ್ ಮಳೆಯೆಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು. ಇಲಾಖೆಯ ಲೆಕ್ಕದಲ್ಲಿ 2.5 ಮಿ.ಮೀ. ಬಿದ್ದರೆ ಅದು ಮಳೆಯ ದಿನ. ಎರೆ ಹೊಲದ ಲೆಕ್ಕದಲ್ಲಿ ಅದು ಧೂಳು ಅಡಗಿಸುವ ಮಳೆ.

ಮುಂದಿನ ದಿನಗಳ ಅಂದಾಜಿಗೆ ಎರಡು ಆಧಾರಗಳಿವೆ. ಒಂದು, ಹಿರಿಯರು ಇಂದಿಗೂ ಬಿಡದೆ ಹಿಡಿದುಕೊಂಡು ಬಂದಿರುವ ಮಳೆ ನಕ್ಷತ್ರಗಳ ಲೆಕ್ಕ. ಒಂದೊಂದು ನಕ್ಷತ್ರ 13-14 ದಿನ ನಡೆಯುತ್ತದೆ. ರೋಹಿಣಿ ಮೇ 25ರ ಸುಮಾರಿಗೆ, ಮಿರಗ ಎಂದು ಕರೆಯುವ ಮೃಗಶಿರ ಜೂನ್ 8ರ ಸುಮಾರಿಗೆ, ಹಸ್ತ ಸೆಪ್ಟೆಂಬರ್ 27ರ ಸುಮಾರಿಗೆ, ಸ್ವಾತಿ ಅಕ್ಟೋಬರ್ 24ರ ಸುಮಾರಿಗೆ ಹುಟ್ಟುತ್ತವೆ. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’ ಎಂಬ ಮಾತು ಇನ್ನೂ ಬಾಯಲ್ಲಿದ್ದರೂ ಈಗ ಆ ಹೊತ್ತಿಗೆ ಕೂರಿಗೆಗೆ ಬೀಳುವುದು ಹೆಚ್ಚಾಗಿ ಹೆಸರು, ಸೋಯಾ, ಗೋವಿನಜೋಳದ ಬೀಜ. ನಕ್ಷತ್ರದ ಲೆಕ್ಕ ಯಾವ ಕೆಲಸಕ್ಕೆ ಯಾವಾಗ ಸಿದ್ಧವಾಗಿರಬೇಕು ಎಂಬುದನ್ನು ಹೇಳುತ್ತದೆ, ಈ ವಾರ ಮಳೆ ಬರುವುದೇ ಎಂಬುದನ್ನಲ್ಲ. ಅದಕ್ಕೆ ಎರಡನೆಯ ಆಧಾರ ಬೇಕು: ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಹವಾಮಾನ ಘಟಕ ಪ್ರತಿ ಮಂಗಳವಾರ ಮತ್ತು ಶುಕ್ರವಾರ ಹೊರಡಿಸುವ ಐದು ದಿನಗಳ ಮುನ್ಸೂಚನೆ, ಇಲ್ಲವೇ ಮೇಘದೂತ್ ಆ್ಯಪ್. ನನ್ನ ಅಭಿಪ್ರಾಯದಲ್ಲಿ ಮೊದಲ ಎರಡು ದಿನದ ಮುನ್ಸೂಚನೆಯನ್ನು ನಂಬಿ ಔಷಧಿ ಸಿಂಪಡಿಸುವುದು, ಮೇಲುಗೊಬ್ಬರ ಹಾಕುವುದು ಮೊದಲಾದವನ್ನು ನಿರ್ಧರಿಸಬಹುದು. ಉಳಿದ ದಿನಗಳದ್ದನ್ನು ಆಳುಗಳಿಗೆ ಮುಂಚಿತವಾಗಿ ಹೇಳಿಡಲು ಮಾತ್ರ ಬಳಸಬೇಕು.

ಬೇಸಿಗೆಯ ದಿನಚರಿ ಬೆಳಗಿನ ಜಾವಕ್ಕೆ ಸರಿಯುತ್ತದೆ. ರಂಟೆ ಹೊಡೆಯುವುದು, ತಿಪ್ಪೆಯ ಗೊಬ್ಬರ ಹೇರುವುದು, ಒಡ್ಡು ಕಟ್ಟುವುದು ಏನಿದ್ದರೂ ಹತ್ತು ಗಂಟೆಯೊಳಗೆ ಮುಗಿಯಬೇಕು. ಆಮೇಲೆ ಎತ್ತುಗಳ ಕೊಳ್ಳ ಹರಿದು, ಅಂದರೆ ನೊಗದಿಂದ ಬಿಡಿಸಿ, ನೆರಳಿಗೆ ಕಟ್ಟಿ, ಸಂಜೆ ನಾಲ್ಕರ ಮೇಲೆ ಮತ್ತೆ ಹೂಡಬೇಕು. ಗೊಬ್ಬರವನ್ನು ಹೇರಿ ಗುಂಪು ಹಾಕಿದರೂ ಬಿಸಿಲಿಗೆ ಹರಡಿ ಬಿಡದೆ, ಮಳೆ ಹತ್ತಿರವಾದಾಗ ಚೆಲ್ಲಿ ಕೂಡಲೇ ಹರಗಿದರೆ ಸಾರ ಉಳಿಯುತ್ತದೆ. ಮೇ ಮುಗಿಯುವುದರೊಳಗೆ ದನಗಳಿಗೆ ಗಂಟಲು ಬೇನೆ ಮತ್ತು ಚಪ್ಪೆ ಬೇನೆಯ ಲಸಿಕೆ ಹಾಕಿಸಬೇಕು, ಏಕೆಂದರೆ ಈ ರೋಗಗಳು ಕಾಣಿಸಿಕೊಳ್ಳುವುದು ಮಳೆ ಹಿಡಿದ ಮೇಲೆ, ಆಗ ಹಾಕಿಸಿದ ಲಸಿಕೆ ಕೈಗೆ ಹತ್ತುವ ಹೊತ್ತಿಗೆ ತಡವಾಗಿರುತ್ತದೆ. ಕುಳ್ಳು, ಕಟ್ಟಿಗೆ, ಕಣಿಕೆ ಹಾಗೂ ಹೊಟ್ಟು ಸೂರಿನಡಿ ಸೇರಿರಬೇಕು, ಬಣವೆಯ ನೆತ್ತಿ ಭದ್ರವಾಗಿರಬೇಕು.

ಅಡ್ಡಮಳೆಯ ದಿನಗಳಲ್ಲಿ ಸಿಡಿಲಿನ ಭಯವೇ ದೊಡ್ಡದು. ಮಧ್ಯಾಹ್ನದ ಮೇಲೆ ಮೋಡ ಕಪ್ಪಾಗಿ ಗುಡುಗು ಕೇಳಿಸಿತೆಂದರೆ ಹೊಲದ ನಡುವಿನ ಒಂಟಿ ಬೇವು ಅಥವಾ ಬನ್ನಿ ಗಿಡದ ಕೆಳಗೆ ನಿಲ್ಲಬಾರದು, ಎತ್ತುಗಳನ್ನೂ ಅಲ್ಲಿ ಕಟ್ಟಿ ಬಿಡಬಾರದು. ಮಳೆ ಶುರುವಾಗುವ ಮೊದಲೇ ಊರ ಕಡೆ ಹೊರಡಬೇಕು. ಸಿಡಿಲಿನ ಎಚ್ಚರಿಕೆ ಕೊಡುವ ದಾಮಿನಿ ಆ್ಯಪ್ ಮನೆಯಲ್ಲಿ ಒಬ್ಬರ ಫೋನಿನಲ್ಲಾದರೂ ಇರಲಿ.

ಮುಂಗಾರಿ ಬಿತ್ತಿಗೆಯಲ್ಲಿ ಅವಸರವೇ ಹೆಚ್ಚಿನ ನಷ್ಟಕ್ಕೆ ಕಾರಣ. ಮೊದಲ ದೊಡ್ಡ ಮಳೆಯ ಬಹುಪಾಲು ನೀರು ಬಿರುಕುಗಳಿಗೆ ಇಳಿದುಹೋಗುತ್ತದೆ. ಮೇಲೆ ಕೆಸರು ಕಂಡರೂ ಬಿರುಕುಗಳ ನಡುವಿನ ಹೆಂಟೆಯ ಒಳಗೆ ಮಣ್ಣು ಒಣಗಿಯೇ ಇರುತ್ತದೆ. ಆದ್ದರಿಂದ ಬಿರುಕುಗಳು ಪೂರ್ತಿ ಕೂಡಿವೆಯೇ ಎಂದು ಮೊದಲು ನೋಡಿ, ನಂತರ ಹೊಲದ ಎತ್ತರದ ಕಡೆ ಒಂದು, ತಗ್ಗಿನ ಕಡೆ ಒಂದು ಗುಂಡಿ ತೋಡಿ, ಒಂದು ಗೇಣಿನಷ್ಟು ಆಳಕ್ಕೆ ತೇವ ಇಳಿದಿದೆಯೇ ಪರೀಕ್ಷಿಸಿ. ನಾಲ್ಕು ಬೆರಳು ಆಳದ ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿ ಉಂಡೆ ಮಾಡಿ ಸೊಂಟದ ಎತ್ತರದಿಂದ ಬಿಟ್ಟಾಗ ಅದು ಹರಳು ಹರಳಾಗಿ ಒಡೆದರೆ ಹದ ಬಂದಿದೆ. ಅಪ್ಪಳಿಸಿ ಅಂಟಿಕೊಂಡರೆ ಇನ್ನೊಂದು ದಿನ ತಡೆಯಬೇಕು. ಉಂಡೆಯೇ ಕಟ್ಟದಿದ್ದರೆ ಮತ್ತೊಂದು ಮಳೆ ಬೇಕು. ಬಾಡಿಗೆ ಟ್ರ್ಯಾಕ್ಟರ್ ಸಿಕ್ಕಿತೆಂಬ ಒಂದೇ ಕಾರಣಕ್ಕೆ ಹಸಿ ಹೊಲಕ್ಕೆ ಇಳಿಸಿದರೆ ಗಾಲಿಯ ಭಾರಕ್ಕೆ ಮಣ್ಣು ಒತ್ತಿಕೊಂಡು, ಆ ಜಾಡಿನಲ್ಲಿ ವರ್ಷವಿಡೀ ಬೆಳೆ ಕುಂಠಿತವಾಗಿ ಕಾಣುತ್ತದೆ. ಕಲಘಟಗಿ, ಹಾನಗಲ್ಲಿನ ಮಲ್ಲಾಡ ಸೆರಗಿನಲ್ಲಿ ಭತ್ತವನ್ನು ಒಣಹೊಲಕ್ಕೇ ಕೂರಿಗೆಯಿಂದ ಬಿತ್ತಿ ಮಳೆಗೆ ಕಾಯುವ ರೂಢಿಯಿದೆ. ಅದು ಮಳೆ ಖಚಿತವಾದ ಸೀಮೆಯ ಮಾತು, ಬೆಳವಲದಲ್ಲಿ, ಅಂದರೆ ಬಯಲಿನ ಎರೆ ಸೀಮೆಯಲ್ಲಿ, ಅದನ್ನು ಅನುಸರಿಸಲಾಗದು.

ಜುಲೈನ ಜಿಟಿಜಿಟಿ ಮಳೆ ಅಳತೆಯಲ್ಲಿ ಅಲ್ಪವಾದರೂ ಹೊಲವನ್ನು ಆರಗೊಡುವುದಿಲ್ಲ, ಕಸ ಮಾತ್ರ ಬೆಳೆಯುತ್ತಲೇ ಇರುತ್ತದೆ. ಎರಡು ದಿನ ಬಿಸಿಲು ಬಿದ್ದರೆ ಮೂರನೆಯ ದಿನ ಬೆಳಿಗ್ಗೆ ಸಾಲುಗಳ ನಡುವಿನ ಕಸ ತೆಗೆಯುವ ಎಡೆ ಹೊಡೆಯಲು ಎತ್ತು ಮತ್ತು ಆಳು ಸಿದ್ಧವಿರಬೇಕು, ಏಕೆಂದರೆ ಅಂದು ಊರಿನವರೆಲ್ಲರಿಗೂ ಅದೇ ಆಳು ಬೇಕಾಗಿರುತ್ತದೆ. ಒಬ್ಬರ ಹೊಲದಲ್ಲಿ ಇನ್ನೊಬ್ಬರು ಸರದಿಯಂತೆ ದುಡಿಯುವ ಮುಯ್ಯಾಳಿನ ಪದ್ಧತಿ ಉಳಿದಿರುವ ಊರುಗಳಲ್ಲಿ ಈ ತೊಡಕು ಕಡಿಮೆ. ಮಳೆ ಕೈಕೊಟ್ಟು ಮೋಡ ಕಟ್ಟಿದ ಒಣ ದಿನಗಳು ಬಂದರೆ ಗೋವಿನಜೋಳದ ಸುಳಿಯನ್ನು ದಿನ ಬಿಟ್ಟು ದಿನ ಬಿಡಿಸಿ ನೋಡಬೇಕು. 2018ರಲ್ಲಿ ಕರ್ನಾಟಕದಲ್ಲಿ ಮೊದಲು ಪತ್ತೆಯಾದ ಫಾಲ್ ಸೈನಿಕ ಹುಳು ಸುಳಿಯೊಳಗೇ ಅಡಗಿರುತ್ತದೆ, ಮರದ ಹೊಟ್ಟಿನಂಥ ಹಿಕ್ಕೆ ಕಂಡರೆ ಒಳಗೆ ಹುಳು ಇದೆಯೆಂದೇ ಅರ್ಥ.

ಹೆಸರು 65-70 ದಿನದ ಬೆಳೆ. ಮಿರಗಕ್ಕೆ ಬಿತ್ತಿದ್ದು ಮಗಿ ಮಳೆಯ ಹೊತ್ತಿಗೆ, ಅಂದರೆ ಆಗಸ್ಟ್ ಉತ್ತರಾರ್ಧಕ್ಕೆ ಕಾಯಿ ಕಪ್ಪಾಗುತ್ತದೆ. ಆಗ ಮೂರು ದಿನ ಬಿಡದೆ ಮಳೆ ಹಿಡಿದರೆ ಕಾಯಿಯೊಳಗೇ ಕಾಳು ಮೊಳೆಯುತ್ತದೆ. ಆದಕಾರಣ ಎಲ್ಲ ಕಾಯಿ ಒಣಗಲೆಂದು ಕಾಯದೆ, ಮುಕ್ಕಾಲು ಪಾಲು ಕಪ್ಪಾದೊಡನೆ ಒಂದು ಸಲ ಬಿಡಿಸಿಬಿಡುವುದು ಲೇಸು, ಉಳಿದದ್ದು ಸಿಕ್ಕರೆ ಸಿಕ್ಕೀತು. ಬಿಡಿಸಿದ ಕಾಯಿಯನ್ನು ಚೀಲದಲ್ಲಿ ಒತ್ತಿ ತುಂಬಿಡದೆ ಪಡಸಾಲೆಯಲ್ಲಾದರೂ ತೆಳುವಾಗಿ ಹರಡಿ, ದಿನಕ್ಕೆ ಎರಡು-ಮೂರು ಬಾರಿ ಕೈಯಾಡಿಸಬೇಕು. ಇದೇ ತಿಂಗಳುಗಳಲ್ಲಿ ಬೆಣ್ಣೆಹಳ್ಳದ ದಂಡೆಯ ನವಲಗುಂದ, ನರಗುಂದ, ರೋಣದ ರೈತರು ಒಂದು ಎಚ್ಚರ ಇಟ್ಟುಕೊಳ್ಳಬೇಕು: ಹಳ್ಳದ ಹುಟ್ಟು ತೆಂಕಣದ ಶಿಗ್ಗಾವಿ ಸೀಮೆಯಲ್ಲಿರುವುದರಿಂದ ತಮ್ಮೂರಿನಲ್ಲಿ ಹನಿ ಬೀಳದಿದ್ದರೂ ಮೇಲಿನ ಮಳೆಗೆ ಹಳ್ಳ ಬರುತ್ತದೆ. ಹಳ್ಳದ ಬದಿಯ ಹೊಲದಲ್ಲಿ ಪಂಪ್‌ಸೆಟ್ಟನ್ನೂ ಕಿತ್ತಿಟ್ಟ ಬೆಳೆಯನ್ನೂ ರಾತ್ರಿ ಬಿಟ್ಟು ಬರಬಾರದು.

ಹಿಂಗಾರಿಯ ಬೆಳೆ ಬೀಳುವ ಮಳೆಗಿಂತ ನಿಂತ ತೇವದ ಮೇಲೆ ಬದುಕುತ್ತದೆ. ಆದ್ದರಿಂದ ಅದರ ಕೆಲಸ ಜೂನ್‌ನಲ್ಲಿಯೇ ಆರಂಭವಾಗುತ್ತದೆ. ಮುಂಗಾರಿ ಬೆಳೆಯದೆ ಬಿಡುವ ಹೊಲದಲ್ಲಿ ಚೌಕುಮಡಿ (ಸಣ್ಣ ಬದುಗಳ ಚೌಕಗಳು) ಕಟ್ಟಿದರೆ ಸೆಪ್ಟೆಂಬರ್‌ವರೆಗಿನ ಮಳೆ ಹೊರಗೆ ಹರಿಯದೆ ಅಲ್ಲಲ್ಲೇ ಇಂಗುತ್ತದೆ. ಹಾಗೆ ಇಂಗಿದ ನೀರಿನ ಬಲದಿಂದ ಬಿಳಿಜೋಳ ಮತ್ತು ಕಡಲೆ ಜನವರಿಯವರೆಗೆ ನಡೆಯುತ್ತವೆ. ಜೋಳವನ್ನು ಹಸ್ತಕ್ಕೆ ಮುಂಚಿನ ಉತ್ತರಿ ನಕ್ಷತ್ರದಿಂದ ಹಸ್ತದೊಳಗೆ, ಕಡಲೆಯನ್ನು ಹಸ್ತ ಮತ್ತು ಅದರ ಮುಂದಿನ ಚಿತ್ತಿಯಲ್ಲಿ, ತೇವ ತಗಲುವಷ್ಟು ಆಳಕ್ಕೆ ಬಿತ್ತಬೇಕು. 2023ರಂತಹ ವರ್ಷದಲ್ಲಿ, ಸರ್ಕಾರ ಸೆಪ್ಟೆಂಬರಿನಲ್ಲಿಯೇ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದಾಗ, ಮಣ್ಣಿನಲ್ಲಿ ತೇವವೇ ಇಲ್ಲದೆ ಬೀಜ ಸುರಿಯುವುದಕ್ಕಿಂತ ಸ್ವಲ್ಪ ಹೊಲವನ್ನು ಪಾಳು ಬಿಟ್ಟು ಬೀಜದ ಖರ್ಚು ಉಳಿಸುವುದೂ ಒಂದು ಬೇಸಾಯವೇ.

ಚಳಿಗಾಲದ ಮುಂಜಾವಿನಲ್ಲಿ ಕಡಲೆ ಹೊಲದಲ್ಲಿ ನಡೆದರೆ ಇಬ್ಬನಿಯ ಜೊತೆ ಎಲೆಯ ಹುಳಿಯೂ ಕಾಲಿಗೆ ಹತ್ತಿ ಚರ್ಮ ಉರಿಯುತ್ತದೆ. ಬಿಳಿ ಬಟ್ಟೆ ಹಾಸಿ ಆ ಹುಳಿನೀರನ್ನು ಹಿಂಡಿಡುವ ಮನೆಗಳು ಈಗಲೂ ಇವೆ. ಕಳೆ ತೆಗೆಯುವುದನ್ನೂ ಕುಡಿ ಚಿವುಟುವುದನ್ನೂ ಬಿಸಿಲೇರಿ ಇಬ್ಬನಿ ಆರಿದ ಮೇಲೆಯೇ ಇಟ್ಟುಕೊಳ್ಳಬೇಕು. ಎರಡು-ಮೂರು ದಿನ ಮೋಡ ಮುಸುಕಿದರೆ ಕಾಯಿಕೊರಕದ ಚಿಟ್ಟೆ ಮೊಟ್ಟೆಯಿಡುವುದು ಹೆಚ್ಚುವುದರಿಂದ, ಮೋಡ ಸರಿದ ಮರುದಿನ ಸಾಲು ಸಾಲಾಗಿ ನೋಡುತ್ತ ಬರಬೇಕು. ಜೋಳದ ಹೊಲದಲ್ಲಿ ಬಿರುಕು ಕಾಣಿಸಿಕೊಂಡ ಕೂಡಲೇ ಎಡೆಕುಂಟೆಯಿಂದ ಮುಚ್ಚಿದರೆ ತೇವ ಆವಿಯಾಗುವುದು ತಗ್ಗುತ್ತದೆ. ರಾಣೆಬೆನ್ನೂರು ಕಡೆಯವರಿಗೆ ಇದರೊಡನೆ ರಾತ್ರಿ ಬೆಳೆಗೆ ಬೀಳುವ ಚಿಗರಿ (ಕೃಷ್ಣಮೃಗ) ಕಾಯುವ ಕೆಲಸವೂ ಸೇರುತ್ತದೆ.

ರಾಶಿಯ, ಅಂದರೆ ಒಕ್ಕಣೆಯ, ಕಾಲದಲ್ಲಿ ಕಣದ ಮಗ್ಗುಲಲ್ಲೇ ತಾಡಪತ್ರಿ ಮಡಚಿ ಇಟ್ಟಿರಬೇಕು. ಗೋವಿನಜೋಳವನ್ನು ಖರೀದಿ ಕೇಂದ್ರಕ್ಕೆ ಒಯ್ಯುವುದಾದರೆ ತೇವಾಂಶ ಶೇ 14ರೊಳಗಿರಬೇಕು. ಒಣಗಿಸಲು ಹೆದ್ದಾರಿಯ ಅಂಚನ್ನು ಹಿಡಿಯುವ ರೂಢಿ ಬೈಕ್ ಸವಾರರಿಗೂ ನಮಗೂ ಅಪಾಯಕರ. ಅಕಾಲಿಕ ಮಳೆಗೆ ಬೆಳೆ ಹಾಳಾದರೆ ಬೆಳೆ ವಿಮೆಯ ನಿಯಮ ಗಡಿಯಾರದಂತೆ ಕಟ್ಟುನಿಟ್ಟು: ಆಲಿಕಲ್ಲು, ಹೊಲ ಮುಳುಗಡೆ ಮೊದಲಾದ ಸ್ಥಳೀಯ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು, ಕಟಾವು ಮಾಡಿ ಹೊಲದಲ್ಲಿಯೇ ಒಣಗಲು ಹರಡಿದ ಬೆಳೆಗೆ ರಕ್ಷಣೆ ಇರುವುದು 14 ದಿನ ಮಾತ್ರ. ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆಯೂ ವಿಮೆ ಕಟ್ಟಿದ ಬೆಳೆಯೂ ಒಂದೇ ಆಗಿದೆಯೇ ಎಂದು ಬಿತ್ತಿದ ತಿಂಗಳಲ್ಲಿಯೇ ನೋಡಿಕೊಳ್ಳಿ. ಹಾನಿಯಾದ ದಿನ ನೀರು ಇಳಿಯುವ ಮೊದಲು, ಹೊಲದ ನಾಲ್ಕೂ ಮೂಲೆಗಳಿಂದ, ಸರ್ವೇ ನಂಬರಿನ ಗುರುತಾಗುವ ಕಲ್ಲು ಅಥವಾ ಒಡ್ಡು ಕಾಣುವಂತೆ ಫೋಟೋ ತೆಗೆದು, ದೂರು ಕೊಟ್ಟಾಗ ಸಿಗುವ ನೋಂದಣಿ ಸಂಖ್ಯೆಯನ್ನು ಮಳೆ ಲೆಕ್ಕದ ಪುಸ್ತಕದಲ್ಲಿ ಅದೇ ದಿನಾಂಕದ ಎದುರಿಗೆ ಬರೆದಿಡಬೇಕು.